ಎರಡು ಬಟನ್, ಒಂದು ಆಮಂತ್ರಣ

ನಾನು ಕ್ರಾಗುಯೆವಾಟ್ಸ್‌ನಲ್ಲಿ ಸಿಟಿ ಬಸ್ಸು ಓಡಿಸುತ್ತೇನೆ. ಸ್ತಾನೊವೊದಿಂದ ಏರೋಡ್ರೋಮ್ ಬಡಾವಣೆ, ಅಲ್ಲಿಂದ ಮತ್ತೆ ಸ್ತಾನೊವೊ. ಹನ್ನೆರಡು ಮೀಟರ್ ಉದ್ದದ ಬಸ್ಸು, ಬೆಳಗಿನ ಹೊತ್ತು ಅದರೊಳಗೆ ಅರ್ಧ ಊರು. ಇಷ್ಟನ್ನೂ ಓಡಿಸುವುದಕ್ಕೆ ನನಗೆ ಕೊಟ್ಟಿರುವುದು ಒಂದು ಚಕ್ರ, ಎರಡು ಪೆಡಲ್, ಬಾಗಿಲಿಗೆ ಒಂದೆರಡು ಬಟನ್. ಹೀಗಿರುವಾಗ ಟಿವಿಯೊಳಗಿನ ಒಬ್ಬ ಮನುಷ್ಯ ಕುದುರೆ ಹತ್ತಬೇಕಾದರೆ ನಾನು ಹದಿನಾರು ಬಟನ್ ನೆನಪಿಟ್ಟುಕೊಳ್ಳಬೇಕು ಎಂದರೆ, ಕ್ಷಮಿಸಿ, ಅಂಥ ಆಟ ಮಾಡಿದವರಿಗೆ ತಲೆ ನೆಟ್ಟಗಿಲ್ಲ.

ಆಟ ಎಂದರೆ ನನ್ನ ಪ್ರಕಾರ ಹೀಗಿರಬೇಕು. ಒಲೆಯ ಮೇಲೆ ಕಾಫಿ ಇಟ್ಟು ಸ್ವಿಚ್ ಹಾಕಿದರೆ, ಕಾಫಿ ಉಕ್ಕುವಷ್ಟರಲ್ಲಿ ಆಟ ಶುರುವಾಗಿರಬೇಕು. ಹಾರು ಎಂದರೆ ಹಾರಬೇಕು, ಓಡು ಎಂದರೆ ಓಡಬೇಕು. ಸೋತರೆ ಯಾಕೆ ಸೋತೆ ಎಂದು ನನಗೇ ಗೊತ್ತಾಗಬೇಕು. ಇದನ್ನು ಹೇಳಿದರೆ ಈಗಿನ ಹುಡುಗರು ನಗುತ್ತಾರೆ. ನಗಲಿ ಬಿಡಿ, ಅವರು ಕಾಲೇಜಿಗೆ ಹೋಗಬೇಕಾದ್ದು ನನ್ನ ಬಸ್ಸಿನಲ್ಲೇ.

ನನ್ನ ಹತ್ತಿರ ಇರುವುದು ಟಿವಿಗೆ ಸಿಕ್ಕಿಸುವ ಒಂದು ಹಳೆಯ ಪುಟ್ಟ ಆಟದ ಡಬ್ಬಿ. ಅದರ ಹಿಡಿಯಲ್ಲಿ ಒಂದು ಕಡ್ಡಿ, ಎರಡು ಬಟನ್. ಒಂದು ಮೊಲ ಹಳ್ಳಗಳನ್ನು ಹಾರುತ್ತಾ ಹಾರುತ್ತಾ ತನ್ನ ಬಿಲ ಸೇರಬೇಕು, ಆಟ ಅಷ್ಟೇ. ಆ ಡಬ್ಬಿಯ ಋಣ ನನ್ನ ಮೇಲೆ ಎಷ್ಟಿದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಅದನ್ನು ತಂದುಕೊಟ್ಟವನು ನಮ್ಮ ಕೂಮ್ ವುಕಾಶಿನ್.

ಕೂಮ್ ಎಂದರೆ ಬರೀ ಸ್ನೇಹಿತನಲ್ಲ. ನಮ್ಮ ಮದುವೆಯಲ್ಲಿ ನನ್ನ ಗಂಡ ಬೋರಾನ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು ಅವನು. ಮಗಳು ದುನ್ಯಾಳನ್ನು ಚರ್ಚಿನಲ್ಲಿ ದೀಕ್ಷಾಸ್ನಾನಕ್ಕೆ ಎತ್ತಿಕೊಂಡು ನಿಂತವನೂ ಅವನೇ. ಒಡಹುಟ್ಟಿದವರ ಜೊತೆ ಬೇಕಾದರೆ ಜಗಳ ಆಡಬಹುದು, ಕೂಮ್ ಜೊತೆ ಆಡುವ ಹಾಗಿಲ್ಲ.

ಬೋರಾ ತೀರಿಕೊಂಡ ಚಳಿಗಾಲದಲ್ಲಿ ನಾನು ಕೆಲಸ ಮುಗಿಸಿ ಮನೆಗೆ ಬಂದರೆ ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಕುರ್ಚಿಯ ಮೇಲೆ ಕೂತುಬಿಡುತ್ತಿದ್ದೆ. ದುನ್ಯಾ ಬಂದು ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ, ಏನು ಕೊಟ್ಟೆ ಎಂದು ನೆನಪಿರುತ್ತಿರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳುತ್ತಿದ್ದರು. ಅಷ್ಟೊಂದು ಸಮಾಧಾನ ಕೇಳಿ ಕೇಳಿ ನನಗೆ ವಾಕರಿಕೆ ಬರುವಂತಾಗಿತ್ತು. ಒಂದು ಮಧ್ಯಾಹ್ನ ವುಕಾಶಿನ್ ಬಂದ. ಸಂತೆಯ ಹತ್ತಿರ ಅವನದೊಂದು ಅಂಗಡಿ, ಆಟದ ಡಬ್ಬಿಗಳನ್ನು ಮಾರುತ್ತಾನೆ, ರಿಪೇರಿ ಮಾಡುತ್ತಾನೆ. ಒಂದು ಮಾತೂ ಆಡದೆ ಟಿವಿಯ ಹಿಂದೆ ನುಗ್ಗಿ ವೈರು ಸಿಕ್ಕಿಸಿದ. ಆಮೇಲೆ ಹಿಡಿಯನ್ನು ತಂದು ನನ್ನ ಕೈಗೆ ಕೊಟ್ಟ.

"ಇದು ಹಾರೋ ಬಟನ್. ಇದು ಓಡೋ ಬಟನ್. ಹಳ್ಳಕ್ಕೆ ಬಿದ್ರೆ ಮೊಲ ಮತ್ತೆ ಹುಟ್ಟುತ್ತೆ, ಹೆದರ್ಬೇಡ" ಎಂದ.

ಹದಿನಾರು ಬಟನ್ನಿನದನ್ನು ತಂದಿದ್ದರೆ ಅವತ್ತೇ ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದೆ. ಎರಡೇ ಬಟನ್ ಆಗಿದ್ದರಿಂದ ಕೈ ತಾನಾಗಿ ಒತ್ತಿತು. ಮೊಲ ಬಿತ್ತು, ಮತ್ತೆ ಹುಟ್ಟಿತು, ಮತ್ತೆ ಬಿತ್ತು. "ಥೂ, ನಿನ್ನ!" ಎಂದು ನಾನು ಮೊಲವನ್ನು ಬೈದೆ. ಎಷ್ಟೋ ದಿನಗಳ ಮೇಲೆ ನನ್ನ ಬಾಯಿಂದ ಬಂದ ಜೀವಂತ ಮಾತು ಅದು. ಸ್ವಲ್ಪ ಹೊತ್ತಿಗೆ ಸೆಕೆಯೆನಿಸಿ ಕೋಟು ಬಿಚ್ಚಿದೆ. ವುಕಾಶಿನ್ ಅದನ್ನು ನೋಡಿದ, ಕಾಫಿ ಮಾಡಿಕೊಟ್ಟು ಹೋದ.

ಅವನಿಗೆ ನಾನು ಥ್ಯಾಂಕ್ಸ್ ಹೇಳಲೇ ಇಲ್ಲ. ಕೂಮ್‌ಗೆ ಯಾರೂ ಹಾಗೆಲ್ಲ ಹೇಳುವುದಿಲ್ಲ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ. ಅವನು ದಿನಾ ಬೆಳಿಗ್ಗೆ ಮಾಲಾ ವಾಗಾ ನಿಲ್ದಾಣದಲ್ಲಿ ನನ್ನ ಬಸ್ಸು ಹತ್ತಿ, ಪೊಟ್ಟಣದಲ್ಲಿ ಎರಡು ಬಿಸಿ ಬನ್ನು ತಂದು ಒಂದನ್ನು ನನ್ನ ಮುಂದೆ ಇಡುತ್ತಿದ್ದ. ನಾನು ತಿನ್ನುತ್ತಿದ್ದೆ. ನಮ್ಮ ನಡುವೆ ಉಪಕಾರ ಸ್ಮರಣೆ ಎಂದರೆ ಇಷ್ಟೇ.

ಈ ವರ್ಷ ಬೇಸಿಗೆ ಮುಗಿಯುವಾಗ ಅವನು ತನ್ನ ದೊಡ್ಡ ಕನ್ಸೋಲನ್ನೇ ಹೊತ್ತುಕೊಂಡು ಬಂದ. ತನಗೆ ಹೊಸದು ಬಂದಿದೆ, ಇದನ್ನು ನೀನಿಟ್ಟುಕೋ ಎಂದ. ಅದರೊಳಗೆ ಅವನಿಗೆ ಪ್ರಾಣವಾದ ಒಂದು ಆಟವಿತ್ತು. ಹಳೆಯ ಕಾಲದ ರಾಜ್ಯಗಳು, ಕಾಡು, ತೋಳ, ನೂರಾರು ಹಳ್ಳಿಗಳು. ಮುಗಿಸುವುದಕ್ಕೆ ತಿಂಗಳುಗಟ್ಟಲೆ ಬೇಕಂತೆ.

"ಒಂದು ಸಲ ಆಡು ವಿದಾ, ನನಗೋಸ್ಕರ ಆಡು. ಆ ಮೊಲ ಎಷ್ಟು ದಿನ ಅಂತ ಹಾರುತ್ತೆ?" ಎಂದು ಗೋಗರೆದ.

ಭಾನುವಾರ ಸ್ವಿಚ್ ಹಾಕಿದೆ. ಸೋಮವಾರ ಕೆಲಸ ಮುಗಿಸಿ ನೇರ ಅವನ ಅಂಗಡಿಗೆ ಹೋದೆ. ಚಳಿಗಾಲದ ಚಟ್ನಿಗೆ ಊರೆಲ್ಲಾ ದಪ್ಪ ಕೆಂಪು ಮೆಣಸಿನಕಾಯಿ ಸುಡುವ ವಾಸನೆ, ನನ್ನ ಕೈಯೂ ಅದೇ ವಾಸನೆ. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು.

"ಬಾರಮ್ಮಾ, ಎಲ್ಲೀವರೆಗೂ ಬಂದೆ?" ಎಂದ ವುಕಾಶಿನ್. ಮುಖದಲ್ಲಿ ಅದೆಂಥ ಆಸೆ!

"ಎಲ್ಲೀವರೆಗೂ ಇಲ್ಲ ಕಣೋ. ಸ್ವಿಚ್ ಹಾಕಿದ್ರೆ ಸ್ವಲ್ಪ ತಾಳಿ ಅಂತು. ತಾಳ್ದೆ. ಒಂದು ಮೂಟೆ ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿದು ಬಂದೆ, ಆಗ್ಲೂ ತಾಳಿ ಅಂತಿತ್ತು. ಆಮೇಲೆ ಯಾರೋ ಮುದುಕ ಬಂದು ಅವರಪ್ಪನ ಕಥೆ, ತಾತನ ಕಥೆ, ಮುತ್ತಾತನ ಕಥೆ ಎಲ್ಲಾ ಹೇಳ್ದ. ಅದಾದ್ಮೇಲೆ ನಿನ್ನ ಕೆನ್ನೆಮೂಳೆ ಎಷ್ಟು ಎತ್ತರ ಬೇಕು ಅಂತ ನನ್ನೇ ಕೇಳ್ತು. ಅಲ್ಲಾ, ಹುಟ್ಟಿಸುವಾಗ ದೇವ್ರೇ ಕೇಳ್ಲಿಲ್ಲ ಅದನ್ನ!"

ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜನ ನಕ್ಕರೆ ನನಗೆ ಇನ್ನೂ ಹುರುಪು. ಇದು ಆಟವೋ ಪಾಸ್‌ಪೋರ್ಟ್ ಆಫೀಸೋ ಎಂದೆ. ಕುದುರೆ ಹತ್ತಲು ಹೋಗಿ ಅದನ್ನು ಮಾರಿಬಿಟ್ಟೆ ಎಂದೆ, ಅದು ನಿಜವೂ ಹೌದು. ವುಕಾಶಿನ್ ಕಿವಿಯವರೆಗೂ ಕೆಂಪಾದ.

"ನಿನಗೆ ತಾಳ್ಮೆ ಇಲ್ಲ ಅಂತ ಹೇಳು. ನೀನು ಆಡೋದು ಆಟಾನೇ ಅಲ್ಲ, ವಿದಾ. ಕೂತ್ಕೊಂಡು ಬಟಾಣಿ ಬಿಡಿಸ್ತೀಯ, ಅಷ್ಟೇ."

"ಬಟಾಣಿ ಬಿಡಿಸಿದ್ರೆ ಸಾಯಂಕಾಲ ಸೂಪ್ ಆದ್ರೂ ಆಗುತ್ತಪ್ಪ" ಎಂದೆ ನಾನು. "ನಿನ್ನ ಆಟ ಮುಗಿಯೋ ಹೊತ್ತಿಗೆ ಮನೇಲಿ ದೀಪ ಹಾಕೋಕೆ ಯಾರಾದ್ರೂ ಉಳ್ದಿರ್ತಾರಾ ನೋಡ್ಕೋ."

ಈ ಸಲ ಯಾರೂ ನಗಲಿಲ್ಲ. ಅವನ ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಚೆ ಬಿದ್ದಾಗಿತ್ತು. ವುಕಾಶಿನ್ ಸ್ಕ್ರೂಡ್ರೈವರ್ ಎತ್ತಿಕೊಂಡು ಯಾವುದೋ ಡಬ್ಬಿಯ ಮೇಲೆ ಬಗ್ಗಿದ. ಮತ್ತೆ ತಲೆ ಎತ್ತಲಿಲ್ಲ.

ಮಾರನೆಯ ದಿನದಿಂದ ಮಾಲಾ ವಾಗಾದಲ್ಲಿ ಅವನು ನನ್ನ ಬಸ್ಸು ಹತ್ತಲಿಲ್ಲ. ಒಂದು ದಿನ ಮಳೆಯಲ್ಲಿ ಕಾಲರ್ ಎತ್ತಿಕೊಂಡು ನಡೆದುಹೋಗುವುದನ್ನು ಕಂಡೆ. ಹಾರನ್ ಹೊಡೆದೆ. ಕೇಳಿಸದವನಂತೆ ಹೋದ.

ಮುಖ ಊದಿಸಿಕೊಂಡಿದ್ದಾನೆ, ನಾಲ್ಕು ದಿನದಲ್ಲಿ ಸರಿಹೋಗುತ್ತಾನೆ ಎಂದುಕೊಂಡೆ. ನಾಲ್ಕು ದಿನ ಹೋಗಿ ಅಕ್ಟೋಬರ್ ಮುಗಿಯಿತು. ಸಂತ ದಿಮಿತ್ರಿಯ ದಿನ ಹತ್ತಿರ ಬಂತು. ಅದು ನಮ್ಮ ಮನೆಯ ಸ್ಲಾವಾ, ಮನೆತನವನ್ನು ಕಾಯುವ ಸಂತನ ಹಬ್ಬ. ಅಂದು ದ್ರಾಕ್ಷಾರಸ ಸುರಿದು ಹಬ್ಬದ ಬ್ರೆಡ್ಡನ್ನು ಮುರಿಯಬೇಕು. ಅದನ್ನು ಮುರಿಯುವುದಕ್ಕೆ ಎರಡು ಜೋಡಿ ಕೈ ಬೇಕು. ಬೋರಾ ಇದ್ದಾಗ ಒಂದು ಕಡೆ ಬೋರಾ, ಇನ್ನೊಂದು ಕಡೆ ವುಕಾಶಿನ್. ಬೋರಾ ಹೋದ ಮೇಲೆ ನಾನು ಮತ್ತು ವುಕಾಶಿನ್. ಅವನು ಬರದೆ ಹೋದರೆ? ಈ ವರ್ಷ ಬರಲಿಲ್ಲವೆಂದರೆ ಮುಂದೆ ಎಂದೂ ಬರುವುದಿಲ್ಲ, ಬೋರಾ ನನಗೆ ಬಿಟ್ಟುಹೋದ ಒಬ್ಬನೇ ಅಣ್ಣನಂಥವನನ್ನು ನಾನೇ ಕೈಯಾರೆ ಕಳೆದುಕೊಂಡ ಹಾಗೆ.

ಆ ಭಯದಲ್ಲಿ ನಾನೊಂದು ಕೆಲಸ ಮಾಡಿದೆ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಅವನಿಗೊಂದು ಮೆಸೇಜು ಬರೆದೆ: 'ವುಕಾಶಿನ್, ಸಂತ ದಿಮಿತ್ರಿಯ ದಿನ ಮಧ್ಯಾಹ್ನ ಒಂದು ಗಂಟೆಗೆ ದಯವಿಟ್ಟು ನಮ್ಮ ಮನೆಗೆ ಬಾ.' ದಯವಿಟ್ಟು ಎಂದು ಹಾಕಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಉತ್ತರ ಬೇಗ ಬಂತು: 'ತಮ್ಮ ಆಮಂತ್ರಣಕ್ಕೆ ಧನ್ಯವಾದಗಳು. ಸಾಧ್ಯವಾದರೆ ಬರುತ್ತೇನೆ.'

ಮನೆಗೆ ಬಂದು ದುನ್ಯಾಗೆ ತೋರಿಸಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಅಮ್ಮಾ! ಕೂಮ್‌ನನ್ನ ಸ್ಲಾವಾಗೆ ಕರೆದ್ಯಾ?"

"ಬರ್ಲಿ ಅಂತ..."

"ಕರೆದ್ಯಾ? ಮೆಸೇಜ್ ಮಾಡಿ? ಟೈಮ್ ಬೇರೆ ಕೊಟ್ಟು? ತಲೆ ಕೆಟ್ಟಿದ್ಯಾ ನಿನಗೆ?"

ಆಗ ನನಗೆ ಹೊಳೆಯಿತು. ಸ್ಲಾವಾಗೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆಗೆದಿಟ್ಟಿರುತ್ತೇವೆ, ನಮ್ಮವರು ಬರುತ್ತಾರೆ. ಕರೆಸಿಕೊಂಡು ಬರುವವನು ಹೊರಗಿನವನು. ಮದುವೆಯಾದಾಗಿನಿಂದ ತಾನಾಗಿ ಬಾಗಿಲು ತಳ್ಳಿಕೊಂಡು ಒಳಗೆ ಬಂದವನಿಗೆ ನಾನು, ದಯವಿಟ್ಟು ಬಾ, ಒಂದು ಗಂಟೆಗೆ ಬಾ ಎಂದಿದ್ದೆ. ನೀನು ಇನ್ನು ನಮ್ಮವನಲ್ಲ ಎಂದು ಬರೆದು ಕಳಿಸಿದ್ದಕ್ಕೂ ಇದಕ್ಕೂ ಏನೇನೂ ವ್ಯತ್ಯಾಸವಿಲ್ಲ. ಅವನು 'ತಮ್ಮ' ಎಂದು ಬರೆದದ್ದು ಯಾಕೆ ಎಂದು ಆಗ ಅರ್ಥವಾಯಿತು. ಅಂಗಡಿಯಲ್ಲಿ ಆಡಿದ ಮಾತನ್ನು ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದನೇನೋ, ಇದನ್ನು ಹೇಗೆ ಹಾಕಿಕೊಂಡಾನು?

ಕೈ ಕೈ ಹಿಸುಕಿಕೊಂಡು ಓಡಾಡಿದೆ. ಕೊನೆಗೆ ಏನು ಮಾಡಬೇಕೆಂದು ತೋಚದೆ ಟಿವಿಯ ಕೆಳಗೆ ಬಟ್ಟೆ ಮುಚ್ಚಿಟ್ಟಿದ್ದ ಅವನ ದೊಡ್ಡ ಕನ್ಸೋಲನ್ನು ಹೊರಗೆಳೆದೆ. ನನಗೋಸ್ಕರ ಆಡು ಎಂದಿದ್ದನಲ್ಲ, ಅದನ್ನಾದರೂ ಮಾಡೋಣ ಎಂದು.

ಆ ಇಡೀ ವಾರ ಬೆಳಗಿನ ಪಾಳಿ ಮುಗಿಸಿ ಬಂದು ಆಡಿದೆ. ಕೆನ್ನೆಮೂಳೆ ಹೇಗಾದರೂ ಇರಲಿ ಎಂದು ಬಿಟ್ಟೆ. ಹದಿನಾರು ಬಟನ್ನಿನಲ್ಲಿ ಐದು ಕಲಿತೆ, ಉಳಿದದ್ದರ ಗೊಡವೆಗೆ ಹೋಗಲಿಲ್ಲ. ಒಂದು ಹಳ್ಳಿ, ಅದರಾಚೆ ಒಂದು ಸೇತುವೆ, ಸೇತುವೆಯ ಮೇಲೊಂದು ತೋಳ. ತೋಳ ನನ್ನನ್ನು ದಿನಾ ತಿಂದುಹಾಕುತ್ತಿತ್ತು. ತಿಂದ ಮೇಲೆ ನಾನು ಹಳ್ಳಿಯ ಗಿರಣಿಯ ಮುಂದೆ ಮತ್ತೆ ಹುಟ್ಟುತ್ತಿದ್ದೆ. ಅಲ್ಲೊಬ್ಬ ಗಿರಣಿಯವನು, ಮೈಯೆಲ್ಲಾ ಹಿಟ್ಟು. ಪ್ರತಿ ಸಲವೂ ಏನೋ ಹೇಳುತ್ತಿದ್ದ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅಕ್ಷರ ಮೂಡುತ್ತಿತ್ತು.

"ಏನಂತೆ ಇವನದು?" ಎಂದು ದುನ್ಯಾಳನ್ನು ಕೇಳಿದೆ.

ಅವಳು ಮೊದಲ ಸಾಲನ್ನು ಓದಿ ಹೇಳಿದಳು: "ಬಂದೆಯಾ? ಬಾ. ನಿನಗೇ ಕಾಯ್ತಿದ್ದೆ ಅಂತಾನೆ."

"ದಿನಾ ಅದನ್ನೇ ಅಂತಾನಾ?"

"ಹೂಂ, ದಿನಾ."

ಹಿಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ವುಕಾಶಿನ್ ಅಂಗಡಿ ಮುಚ್ಚಿ ಹೋಗುವ ಮನೆ ಕಣ್ಣಮುಂದೆ ಬಂತು. ಬಾಗಿಲು ತೆಗೆದರೆ ಕತ್ತಲೆ, ಯಾಕೆ ತಡ ಎಂದು ಕೇಳುವವರಿಲ್ಲ. ಸ್ವಿಚ್ ಹಾಕಿದರೆ ಮಾತ್ರ ಈ ಹಿಟ್ಟಿನ ಮನುಷ್ಯ, ಬಂದೆಯಾ, ನಿನಗೇ ಕಾಯ್ತಿದ್ದೆ ಎನ್ನುತ್ತಾನೆ. ನನಗೆ ಚಿಕ್ಕ ಆಟ ಸಾಕು, ಯಾಕೆಂದರೆ ಅದು ಮುಗಿದ ಮೇಲೆ ನನಗೆ ದುನ್ಯಾ ಇದ್ದಾಳೆ, ಬೆಳಗಾದರೆ ಬಸ್ಸಿನ ತುಂಬ ಜನ ಇದ್ದಾರೆ. ಅವನ ಆಟ ಮುಗಿದರೆ ಉಳಿಯುವುದು ಆ ಕತ್ತಲೆ ಮನೆ. ಅದಕ್ಕೇ ಮುಗಿಯದ ಆಟ ಬೇಕು ಅವನಿಗೆ. ಅಂಥದ್ದನ್ನು ಎತ್ತಿ ತಂದು ನನಗೆ ಕೊಟ್ಟಿದ್ದ, ನಾನು ನಾಲ್ಕು ಜನರ ಮುಂದೆ ಅದನ್ನು ನಗೆಪಾಟಲು ಮಾಡಿದ್ದೆ. ಕೂತಲ್ಲೇ ಅತ್ತುಬಿಟ್ಟೆ. ಗಿರಣಿಯವನು ಕಾಯುತ್ತಾ ನಿಂತೇ ಇದ್ದ.

ಹಬ್ಬದ ಹಿಂದಿನ ದಿನ ಅವನ ಅಂಗಡಿಗೆ ಓಡಿದೆ. ಬಾಗಿಲು ಹಾಕಿತ್ತು. ಸಾಮಾನು ತರಲು ಬೆಲ್‌ಗ್ರೇಡಿಗೆ ಹೋಗಿದ್ದಾನೆ ಎಂದರು ಪಕ್ಕದ ಹೂವಿನವರು. ಅಲ್ಲೇ ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ. ಬೇಜಾರು ಮಾಡ್ಕೋಬೇಡ ಎಂದು ಬರೆದರೆ ಅದೂ ಹೊರಗಿನವರ ಮಾತಾದೀತು. ಖಂಡಿತ ಬಾ ಎಂದರೆ ಮತ್ತೊಂದು ಆಮಂತ್ರಣ. ಕೊನೆಗೆ ಹೀಗೆ ಬರೆದೆ: 'ಲೋ ವುಕಾಶಿನ್, ಆಮಂತ್ರಣ ರದ್ದು. ನಿನ್ನನ್ನ ಯಾರೂ ಕರೆದಿಲ್ಲ.' ಕಳಿಸಿಬಿಟ್ಟೆ.

ಉತ್ತರ ಬರಲಿಲ್ಲ. ಸಂಜೆ ನಾದಿನಿ ಸ್ತಾನಿಕಾ ಅಡುಗೆಗೆ ಕೈಜೋಡಿಸಲು ಬಂದಳು. ಇಬ್ಬರೂ ಕೂತು ಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಸಾರ್ಮಾ ಕಟ್ಟುವಾಗ ನಡೆದದ್ದನ್ನು ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಅತ್ತಿಗೆ, ಮೊದ್ಲು ಕರೆದು ಅವಮಾನ ಮಾಡಿದ್ರಿ, ಈಗ ಬರ್ಬೇಡ ಅಂತ ಓಡಿಸಿದ್ರಿ. ಇನ್ನೇನು ಉಳೀತು?"

"ಬರ್ಬೇಡ ಅಂದಿಲ್ಲ ಕಣೇ. ಕರೆದಿಲ್ಲ ಅಂದೆ."

"ಅವನಿಗೆ ಅದು ಗೊತ್ತಾಗ್ಬೇಕಲ್ಲ."

ಗೊತ್ತಾಗಬೇಕಲ್ಲ. ನನ್ನ ಪ್ರಾಣ ಸಿಕ್ಕಿಹಾಕಿಕೊಂಡಿದ್ದೂ ಅಲ್ಲಿಯೇ.

ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ. ಸಂತನ ಗೌರವಕ್ಕೆ ನಿಂತೇ ಬಡಿಸಬೇಕು. ಬೋರಾ ಹೋದ ಮೇಲೆ ಆ ನಿಲ್ಲುವ ಕೆಲಸ ನನ್ನದು. ವರ್ಷವೆಲ್ಲಾ ಕೂತು ದುಡಿಯುವ ನನಗೆ ಅದೊಂದು ದಿನ ಕಾಲು ಸಿಡಿಯುತ್ತದೆ. ಮೇಣದ ಬತ್ತಿ ಹಚ್ಚಿದೆವು. ಬಂದವರಿಗೆಲ್ಲ ದುನ್ಯಾ ಮೊದಲು ಒಂದು ಚಮಚ ಸಿಹಿ ಗೋಧಿ ಕೊಟ್ಟಳು. ಸ್ತಾನಿಕಾಳ ಮನೆಯವರು ಬಂದರು, ಮೇಲಿನ ಮಹಡಿಯ ಗ್ವೋಜ್ದೆನ್ ಬಂದ, ನನ್ನ ಜೊತೆಯ ಡ್ರೈವರುಗಳು ಬಂದರು. ಮೇಜಿನ ಮಧ್ಯೆ ಹಬ್ಬದ ಬ್ರೆಡ್ಡು ಹಾಗೇ ಇತ್ತು. ಅದನ್ನು ಮುರಿಯದೆ ಊಟಕ್ಕೆ ಕೈ ಹಾಕುವಂತಿಲ್ಲ.

ಒಂದು ಗಂಟೆಯಾಯಿತು. ಗಡಿಯಾರ ನೋಡಬಾರದು ಎಂದುಕೊಂಡೇ ನೋಡಿದೆ. ಒಂದು ಗಂಟೆ ದಾಟಿತು. ಸೂಪು ಆರಿತು, ಮತ್ತೆ ಬಿಸಿಯಿಟ್ಟೆವು.

"ವಿದಾ, ಹೊಟ್ಟೆ ತಾಳ ಹಾಕ್ತಿದೆ ಕಣಮ್ಮ. ಬ್ರೆಡ್ ನಾನು ಹಿಡ್ಕೊಳ್ತೀನಿ ಬಿಡು, ನನಗೂ ಎರಡು ಕೈ ಇದೆ" ಎಂದ ಗ್ವೋಜ್ದೆನ್.

"ನಿನ್ನ ಕೈ ಗ್ಲಾಸ್ ಹಿಡಿಯೋಕೆ ಸರಿಯಾಗಿದೆ. ಸುಮ್ನೆ ಕೂತ್ಕೋ" ಎಂದೆ.

ಎಲ್ಲರೂ ನಕ್ಕರು. ನನಗೆ ಅಳು ಬರುವಂತಿತ್ತು. ಇನ್ನು ಆಗದು ಎಂದು ಸ್ತಾನಿಕಾ ಕಣ್ಣಲ್ಲೇ ಹೇಳಿದಳು. ಬತ್ತಿ ಅರ್ಧಕ್ಕಿಂತ ಕೆಳಗೆ ಉರಿದಿತ್ತು. ಸರಿ ಎಂದು ಕೈ ತೊಳೆಯಲು ತಿರುಗಿದೆ.

ಬಾಗಿಲು ತಟ್ಟಿದ ಸದ್ದಾಗಲಿಲ್ಲ, ಸುಮ್ಮನೆ ತೆರೆಯಿತು. ವುಕಾಶಿನ್ ನಿಂತಿದ್ದ. ಕೈಯಲ್ಲಿ ಪೊಟ್ಟಣ, ಅದರೊಳಗೆ ಎರಡು ಬನ್ನು.

"ಯಾರು ಕಣೋ ಕರೆದಿದ್ದು ನಿನ್ನ?" ಎಂದು ಕೂಗಿದೆ.

"ಯಾರೂ ಕರೀಲಿಲ್ಲ" ಎಂದ. "ಒಂದು ಗಂಟೆಗೆ ಕರೆಸ್ಕೊಂಡು ಬರೋಕೆ ನಾನೇನು ನಿಮ್ಮ ಮನೆ ಅತಿಥೀನಾ?"

ಸ್ತಾನಿಕಾ ಶಿಲುಬೆಯ ಗುರುತು ಮಾಡಿಕೊಂಡಳು. ವುಕಾಶಿನ್ ಬಗ್ಗಿ ಬೂಟು ಬಿಚ್ಚತೊಡಗಿದ. ಆ ಬಗ್ಗಿದ ತಲೆಯನ್ನು ನೋಡಿ ನನ್ನ ಬಾಯಿಗೆ ಬೇರೆ ಮಾತೇ ಬರಲಿಲ್ಲ.

"ಬಂದೆಯಾ? ಬಾ. ನಿನಗೇ ಕಾಯ್ತಿದ್ದೆ" ಎಂದೆ.

ಒಂದು ಬೂಟು ಕೈಯಲ್ಲೇ ಹಿಡಿದು ಅವನು ತಲೆ ಎತ್ತಿದ.

"ಗಿರಣಿಯವನು" ಎಂದ ಮೆಲ್ಲಗೆ. "ಆಡಿದ್ಯಾ?"

"ಆಡ್ದೆ."

"ಸೇತುವೆ ದಾಟಿದ್ಯಾ?"

"ಎಲ್ಲಿ ದಾಟೋದು? ಆ ದರಿದ್ರ ತೋಳ ದಿನಾ ತಿಂದು ಹಾಕುತ್ತೆ."

"ಸೇತುವೆ ಮೇಲೆ ಹೋಗ್ಬಾರ್ದು ಕಣೇ, ಪಕ್ಕದಲ್ಲಿ ನೀರಿಗೆ ಇಳಿದು ಹೋಗ್ಬೇಕು. ಗಿರಣಿಯವನೇ ಹೇಳ್ತಾನಲ್ಲ. ನೀನು ಯಾರ ಮಾತು ಪೂರ್ತಿ ಕೇಳಿಸ್ಕೊಂಡಿದ್ದೀಯ?"

ಅವನು ಬಂದು ಮೇಜಿನ ಆಚೆ ನಿಂತ, ನಾನು ಈಚೆ. ಬ್ರೆಡ್ಡಿನಲ್ಲಿ ಶಿಲುಬೆಯಾಗಿ ಕೊಯ್ದ ಸೀಳಿಗೆ ಅಡ್ಡಡ್ಡ ಉದ್ದುದ್ದ ಕೆಂಪು ದ್ರಾಕ್ಷಾರಸ ಸುರಿದೆವು. ಇಬ್ಬರೂ ಹಿಡಿದು ಸುತ್ತಿಸಿದೆವು. ನಮ್ಮ ಬೆರಳುಗಳೆಲ್ಲ ಒದ್ದೆ. ಆಗ ಆ ದಿನದವರೆಗೂ ಹೇಳಬಾರದೆಂದು ಬಿಟ್ಟಿದ್ದನ್ನು ಹೇಳಿದೆ.

"ವುಕಾಶಿನ್, ಅವತ್ತು ನೀನು ಆ ಡಬ್ಬಿ ತರ್ದೇ ಹೋಗಿದ್ರೆ ನಾನು ಇವತ್ತಿಗೂ ಕೋಟು ಹಾಕ್ಕೊಂಡು ಆ ಕುರ್ಚಿ ಮೇಲೇ ಕೂತಿರ್ತಿದ್ದೆ ಕಣೋ. ನಿನ್ನ ಉಪಕಾರ ನಾನು ಸತ್ರೂ ಮರೆಯಲ್ಲ. ದೀಪದ ಮಾತು ಅಂದಿದ್ದು..."

"ಬ್ರೆಡ್ ನೆಟ್ಟಗೆ ಹಿಡ್ಕೋ, ವೈನ್ ಚೆಲ್ಲುತ್ತೆ" ಎಂದ ಅವನು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಬ್ರೆಡ್ಡು ಎರಡಾಯಿತು. ಇಬ್ಬರೂ ಅದಕ್ಕೆ ಮುತ್ತಿಟ್ಟೆವು. "ಇನ್ನಾದ್ರೂ ಊಟ ಹಾಕ್ತೀರಾ?" ಎಂದ ಗ್ವೋಜ್ದೆನ್.

ಊಟದ ಮೇಲೆ ಹಳೆಯ ಡಬ್ಬಿಯನ್ನು ಹಚ್ಚಿದೆವು. ವುಕಾಶಿನ್ ಸೋಫಾದ ಮೇಲೆ ಕೂತು ಆಡಿದ, ನಾನು ನಿಂತೇ ಆಡಿದೆ. ಎಷ್ಟೊಂದು ರಾಜ್ಯ ಗೆದ್ದವನ ಮೊಲ ಮೊದಲನೆಯ ಹಳ್ಳಕ್ಕೇ ಬಿತ್ತು. ಎರಡೇ ಬಟನ್ ಇದ್ದರೆ ತನಗೆ ಗಲಿಬಿಲಿಯಾಗುತ್ತದೆ ಎಂದು ನೆಪ ಹೇಳಿದ. ದುನ್ಯಾ ನಕ್ಕು ನಕ್ಕು ಸುಸ್ತಾದಳು. ಗೋಡೆಯ ಮೇಲೆ ಸಂತನ ಪಟ, ಅದರ ಕೆಳಗೆ ಬತ್ತಿ ಇನ್ನೂ ಉರಿಯುತ್ತಿತ್ತು. ಮನೆ ತುಂಬಿದೆಯಲ್ಲ ಎಂದು ಮನಸ್ಸಿನಲ್ಲೇ ದೇವರಿಗೆ, ಸಂತನಿಗೆ, ಆ ಮೊಲಕ್ಕೆ, ಹಿಟ್ಟು ಮೆತ್ತಿದ ಆ ಗಿರಣಿಯವನಿಗೂ ಸೇರಿಸಿ ವಂದನೆ ಹೇಳಿದೆ.

ಹೊರಡುವಾಗ ಸ್ತಾನಿಕಾ ಸಾರ್ಮಾ ತುಂಬಿದ ಡಬ್ಬಿಯನ್ನು ಅವನ ಕೈಗೆ ತುರುಕಿದಳು. ನಾನು ಬಾಗಿಲವರೆಗೂ ಹೋದೆ. ಅವನು ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ ಬೆರಳು ತೋರಿಸಿದ.

"ಮುಂದಿನ ವರ್ಷ ಏನಾದ್ರೂ ಕರೆದ್ಯೋ, ನೋಡು!"

"ನಿನ್ನನ್ನ ಯಾರು ಕರೀತಾರೆ, ಹೋಗೋ" ಎಂದು ಅವನ ಕೋಟಿನ ಕಾಲರ್ ಸರಿಮಾಡಿದೆ.